ಕಾಗೆಯ ಪಾಲಿನ ದೋಸೆ

ಆಗ ನನಗೆ ನಲವತ್ತೊಂದು. ಮೂವತ್ತು ವರ್ಷದ ಹಿಂದಿನ ಮಾತು. ಆ ವಯಸ್ಸಿನ ಹೆಂಗಸಿಗೆ ಹುಚ್ಚು ಹಿಡಿದರೆ ಮನೆಯವರು ಭಕ್ತಿ ಹೆಚ್ಚಾಯಿತು ಅಂದುಕೊಳ್ಳುತ್ತಾರೆ, ಅದೊಂದು ಅನುಕೂಲ. ನನಗೆ ಹಿಡಿದದ್ದು ಪುಂಡರ ಹುಚ್ಚು. ಪುಂಡರೆಂದರೆ ಕಾಲೇಜಿನಲ್ಲಿ ಚಿತ್ರ ಬರೆಯುವುದನ್ನು ಕಲಿಯುವ ಒಂದಿಷ್ಟು ಮಕ್ಕಳು. ಅವರ ಮುಂದಾಳು ಹೇತಲ್ ಎಂಬ ಕಡ್ಡಿಯಂಥ ಹುಡುಗಿ.

ಬರೋಡದ ಫತೇಗಂಜ್‌ನಲ್ಲಿ ನಮ್ಮದೊಂದು ಉಡುಪಿ ಹೋಟೆಲಿತ್ತು. ಗಲ್ಲಾಪೆಟ್ಟಿಗೆಯ ಹಿಂದೆ ನಮ್ಮವರು, ಕಾವಲಿಯ ಮುಂದೆ ನಾನು. ದಿನದ ಮೊದಲ ದೋಸೆಯನ್ನು ಗಿರಾಕಿಗೆ ಕೊಡುವ ಕ್ರಮ ನಮ್ಮಲ್ಲಿರಲಿಲ್ಲ. ಕಾವಲಿ ಹದಕ್ಕೆ ಬಂದಿರುವುದಿಲ್ಲ. ದೋಸೆ ಅಂಟುತ್ತದೆ, ಹರಿಯುತ್ತದೆ, ಸೊಟ್ಟಗೆ ಏಳುತ್ತದೆ. ಅದು ಕಾಗೆಯ ಪಾಲು. ಮದುವೆಯಾಗಿ ಬಂದಾಗಿನಿಂದ ಬರೋಡದ ಕಾಗೆಗಳನ್ನು ನಾನು ಸಾಕಿದಷ್ಟು ಮಕ್ಕಳನ್ನೂ ಸಾಕಲಿಲ್ಲ.

ಮಧ್ಯಾಹ್ನ ಗಿರಾಕಿ ಕಡಿಮೆಯಾದ ಮೇಲೆ ನಮ್ಮ ಹಿತ್ತಲಿನ ರುಬ್ಬುವ ಕಲ್ಲಿನ ಸುತ್ತ ಹೇತಲ್ ಮಂದಿಯ ಗುಟ್ಟಿನ ಸಭೆ. ಬಸ್ ನಿಲ್ದಾಣದಲ್ಲಿ ಸೋಫಾ ಇಟ್ಟು, ಕೂತವರಿಗೆ ಚಹಾ ಕೊಟ್ಟು ಮಾಯವಾದವರು ಇವರೇ. ಪ್ರತಿಮೆಯೊಂದರ ಕೈಗೆ ತರಕಾರಿ ಚೀಲ ಸಿಕ್ಕಿಸಿದವರೂ ಇವರೇ. ಇದು ಇವರಿಂದ ಶುರುವಾದದ್ದಲ್ಲವಂತೆ. ಇವರ ಮೇಷ್ಟ್ರುಗಳೂ ಹುಡುಗರಾಗಿದ್ದಾಗ ಇಂಥ ಗುಂಪು ಕಟ್ಟಿದ್ದರಂತೆ. ಈಗ ಗಡ್ಡ ಬೆಳೆಸಿಕೊಂಡು ಅಂಕ ಕೊಡುತ್ತಾರೆ. ಆ ಕಾಲದಿಂದ ಬಂದ ಕಟ್ಟಳೆಯೊಂದಿತ್ತು: ಕಿತಾಪತಿ ಬಯಲಾದರೆ, ಸಭೆ ಕೂರುತ್ತಿದ್ದ ಜಾಗಕ್ಕೆ ಮತ್ತೆ ಕಾಲಿಡಬಾರದು. ಜಾಗ ಕೊಟ್ಟವರಿಗೆ ತೊಂದರೆಯಾಗಬಾರದಲ್ಲ. ನಾನು ರುಬ್ಬುತ್ತಾ ಎಲ್ಲ ಕೇಳುತ್ತಿದ್ದೆ. ಕಲ್ಲಿನ ಸದ್ದಿಗೆ ಒಳ್ಳೆಯ ಮಾತು ತಪ್ಪಿಹೋದೀತೆಂದು ಆಗಾಗ ಕೈ ನಿಲ್ಲಿಸುತ್ತಿದ್ದೆ. ಇಡ್ಲಿ ತರಿತರಿಯಾಗಿದೆ ಎಂದು ಗಿರಾಕಿಗಳು ದೂರಿದರು.

ಒಂದು ಬೆಳಿಗ್ಗೆ ಹೇತಲ್ ಚಿನ್ನದ ಬಣ್ಣದ ಚೌಕಟ್ಟು ಹಿಡಿದುಕೊಂಡು ಬಂದಳು. ಮೊದಲ ದೋಸೆ ಪಕ್ಕದಲ್ಲಿತ್ತು.

"ಮಾಸಿ, ಇದು ಯಾರಿಗೆ?"

"ಕಾಗೆಗೆ."

"ಕಾಗೆ ಇವತ್ತು ಉಪವಾಸ ಮಾಡಲಿ."

ದೋಸೆಯನ್ನು ಹಲಗೆಗೆ ಅಂಟಿಸಿ, ಚೌಕಟ್ಟು ಕೂರಿಸಿ, ನನ್ನ ಹೆಸರು ಕೇಳಿದಳು. ಆ ಊರಲ್ಲಿ ನಾನು ಎಲ್ಲರಿಗೂ ಮಾಸಿ, ಅಂದರೆ ಚಿಕ್ಕಮ್ಮ. ಹೆಸರು ಕೇಳಿದವರೇ ಇರಲಿಲ್ಲ. ಬಾಯಲ್ಲಿ ಹೇಳುವ ಬದಲು ಚೀಟಿಯ ಮೇಲೆ ಬರೆದೇ ಕೊಟ್ಟೆ: ಕಮಲ. ತಪ್ಪಿಲ್ಲದೆ ಬರೆಯಲು ನನಗೆ ಬರುತ್ತಿದ್ದದ್ದು ಅದೊಂದೇ. ಆ ಚೀಟಿಯನ್ನೂ ಕೆಳಗೆ ಅಂಟಿಸಿದಳು.

ಅವತ್ತು ಊರಿನಲ್ಲಿ ದೊಡ್ಡ ಚಿತ್ರ ಪ್ರದರ್ಶನ. ಹೇಗೆ ಒಳಗೆ ಸಾಗಿಸಿದರೋ, ಯಾವಾಗ ಮೊಳೆ ಹೊಡೆದರೋ. ನಾನು ದೇವಸ್ಥಾನಕ್ಕೆಂದು ಹೇಳಿ, ರೇಷ್ಮೆ ಸೀರೆ ಉಟ್ಟು ಹೋದೆ. ನನ್ನ ದೋಸೆಯ ಮುಂದೆ ಶಾಲು ಹೊದ್ದ ದೊಡ್ಡ ಮನುಷ್ಯರೊಬ್ಬರು ನಾಲ್ಕು ಜನಕ್ಕೆ ಹಿಂದಿಯಲ್ಲಿ ವಿವರಿಸುತ್ತಿದ್ದರು. ಸುಟ್ಟ ಅಂಚು ಹೆಣ್ಣಿನ ಒಡಲ ಉರಿಯಂತೆ. ನಡುವಿನ ತೂತು ದೂರವಾದ ತವರಂತೆ. ಕೆಳಗಿನ ಕನ್ನಡ ಅಕ್ಷರ ಮೂರು ಹಕ್ಕಿಗಳಂತೆ. ನಾನು ಹಾಕಿದ್ದು ಅಕ್ಕಿ, ಉದ್ದು, ಚೂರು ಮೆಂತೆ. ಆದರೂ ಕೇಳುತ್ತಾ ಕೇಳುತ್ತಾ ಹೌದಿರಬಹುದು ಅನ್ನಿಸಿತು. ತವರಿಗೆ ಹೋಗಿ ಬಹಳ ವರ್ಷವಾಗಿತ್ತು. ಇಷ್ಟೆಲ್ಲ ನನಗೆ ತಿಳಿಯದೆಯೇ ಹಿಟ್ಟಿನಲ್ಲಿ ಬೆರೆಸಿದ್ದೇನಲ್ಲ ಎಂದು ಸೆರಗು ಸರಿಮಾಡಿಕೊಂಡೆ.

ಅಷ್ಟರಲ್ಲಿ ಇರುವೆಗಳು ಬಂದವು. ಗೋಡೆಯುದ್ದಕ್ಕೂ ಸಾಲುಗಟ್ಟಿ, ಬೇರೆ ಯಾವ ಚಿತ್ರವನ್ನೂ ಮೂಸಿ ನೋಡದೆ ನೇರ ನನ್ನದಕ್ಕೆ. ಕಾವಲುಗಾರ ಹತ್ತಿರ ಹೋಗಿ ಬೆರಳಿಟ್ಟು ನೋಡಿ, ದೋಸೆ ಎಂದ. ನಕ್ಕವರು ನಕ್ಕರು, ಶಾಲಿನವರು ಬೇರೆ ಕೋಣೆಗೆ ಹೋದರು, ದೋಸೆ ಬುಟ್ಟಿಗೆ ಬಿತ್ತು.

ಸಂಜೆ ಹೇತಲ್ ಒಬ್ಬಳೇ ಬಂದು, ಒಳಗೆ ಕಾಲಿಡದೆ ಹಿತ್ತಲಿನ ಹೊರಗೇ ನಿಂತಳು. "ನಾಳೆಯಿಂದ ಬರುವುದಿಲ್ಲ ಮಾಸಿ. ಫತೇಗಂಜ್‌ನಲ್ಲಿ ದೋಸೆ ಹೋಟೆಲು ಎಷ್ಟಿವೆ? ಹುಡುಕಿಕೊಂಡು ಬಂದೇ ಬರುತ್ತಾರೆ."

"ಬರಲಿ. ಬಂದರೆ ತಿಂದು ಹೋಗುತ್ತಾರೆ."

ಅವಳು ನಕ್ಕಳು. ಕಟ್ಟಳೆ ಮುರಿಯಲಿಲ್ಲ.

ಹುಡುಕಿಕೊಂಡು ಯಾರೂ ಬರಲಿಲ್ಲ. ಆ ಮಕ್ಕಳೂ ಬರಲಿಲ್ಲ. ಹೇತಲ್ ಸೂರತ್‌ನಲ್ಲಿ ಸೀರೆಗೆ ಹೂಬಳ್ಳಿ ಬರೆದುಕೊಡುತ್ತಾಳೆಂದು ಒಮ್ಮೆ ಯಾರೋ ಹೇಳಿದರು. ಅಂದಿನಿಂದ ಹೂಬಳ್ಳಿಯ ಸೀರೆ ಉಟ್ಟವರು ಎದುರಾದರೆ ಎಲ್ಲಾದರೂ ತರಕಾರಿ ಚೀಲ ಬರೆದಿದ್ದಾಳೆಯೇ ಎಂದು ನೋಡುತ್ತೇನೆ. ಈಗ ನಾನು ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿ ಮಗಳ ಫ್ಲ್ಯಾಟಿನಲ್ಲಿದ್ದೇನೆ. ಇವಳ ಕಾವಲಿಗೆ ಏನೂ ಅಂಟುವುದಿಲ್ಲ. ಮೊದಲ ದೋಸೆಗೂ ಕೊನೆಯದಕ್ಕೂ ಒಂದೇ ಮುಖ. ಕಾಗೆಗೆಂದು ಎತ್ತಿಡಲು ಏನೂ ಉಳಿಯುವುದಿಲ್ಲ.

ಆಗ ಹೇತಲ್ ಹಾಗೆ ಹೇಳಿ ಹೋದ ಮಾರನೆಯ ಬೆಳಿಗ್ಗೆ ನಾನು ಒಲೆ ಹೊತ್ತಿಸಿ, ಕಾವಲಿ ಕಾಯುವ ಮೊದಲೇ ಹಿಟ್ಟು ಹೊಯ್ದೆ. ಕೈಯನ್ನು ಬೇಕೆಂದೇ ಸೊಟ್ಟ ತಿರುಗಿಸಿದೆ. "ಕಾವಲಿ ಇನ್ನೂ ಕಾಯ್ಲಿಲ್ಲ ಮಾರಾಯ್ತಿ, ನಿಂಗೆ ಎಂತ ಅವಸರ?" ಎಂದರು ನಮ್ಮವರು. ಒಂದು ತೂತು ಬಿದ್ದರೆ ಸಾಕಿತ್ತು, ಅಂಚು ಹರಿದರೂ ಸಾಕಿತ್ತು. ಅದನ್ನು ಎತ್ತಿಟ್ಟುಕೊಂಡು, ಹೇತಲ್ ಬಂದಾಳೇನೋ ಎಂದು ಹಿತ್ತಲಿನ ಬಾಗಿಲು ನೋಡುತ್ತಾ ಇರಬಹುದಿತ್ತು. ಆ ಹಾಳು ದೋಸೆ ಹುಣ್ಣಿಮೆಯ ಚಂದ್ರನ ಹಾಗೆ ದುಂಡಗೆ ಎದ್ದು ಬಂತು. ಹೊರಗೆ ಹೋಗಿ, ಹಿಂದಿನ ದಿನದಿಂದ ಉಪವಾಸವಿದ್ದ ಕಾಗೆಗೆ ಹಾಕಿದೆ.