ಗ್ಯಾಲರಿಯ ವೆಲ್ಡಿಂಗ್ ಮಶೀನು

ನಮ್ಮ ಚಿಕ್ಕಮ್ಮನ ಮನೆಗೆ ಭಾನುವಾರ ಊಟಕ್ಕೆ ಹೋಗುವವರು ಕಪ್ಪು ಕನ್ನಡಕ ಇಟ್ಟುಕೊಂಡು ಹೋಗುವುದು ಒಳ್ಳೆಯದು. ಹತ್ತಿಯ ಬಟ್ಟೆ ತೊಟ್ಟರೆ ಇನ್ನೂ ಒಳ್ಳೆಯದು. ಒಮ್ಮೆ ನನ್ನ ಹೆಂಡತಿ ಮಿರಿಮಿರಿ ಮಿಂಚುವ ಸಿಂಥೆಟಿಕ್ ಸೀರೆ ಉಟ್ಟು ಹೋದಳು. ಕಿಡಿ ಹಾರಿದರೆ ಏನು ಗತಿ ಎಂದು ಚಿಕ್ಕಮ್ಮ ಅವಳನ್ನು ಬಾಗಿಲಲ್ಲೇ ತಡೆದು, ತಮ್ಮ ಹಳೆಯ ಕಾಟನ್ ನೈಟಿ ಕೊಟ್ಟರು. ಪಾಪ, ಅವಳು ಆ ನೈಟಿಯಲ್ಲೇ ಪಾಯಸ ತಿಂದಳು. ಬೇರೆಯವರ ಚಿಕ್ಕಮ್ಮಂದಿರು ಅರವತ್ತು ದಾಟಿದ ಮೇಲೆ ಭಜನಾ ಮಂಡಳಿ ಸೇರುತ್ತಾರೆ, ಇಲ್ಲವೇ ಮೊಣಕಾಲು ನೋವಿನ ಬಗ್ಗೆ ಮಾತಾಡುತ್ತಾರೆ. ನಮ್ಮವರು ವೆಲ್ಡಿಂಗ್ ಹಿಡಿದರು!

ಠಾಣೆ ಶಹರದ ಕೋಪರಿಯಲ್ಲಿ, ರೈಲ್ವೆ ಸ್ಟೇಷನ್ನಿನ ಗದ್ದಲ ಕೇಳಿಸುವಷ್ಟು ಹತ್ತಿರದ ಹಳೆಯ ಕಟ್ಟಡವೊಂದರ ಮೂರನೇ ಮಹಡಿ ಅವರದು. ಉಡುಪಿ ಕಡೆಯಿಂದ ಮದುವೆಯಾಗಿ ಬಂದವರು, ಜೀವಮಾನವಿಡೀ ಅಕ್ಕಪಕ್ಕದವರ ಸೀರೆಗೆ ಫಾಲ್ ಹಚ್ಚಿಕೊಟ್ಟವರು. ಚಿಕ್ಕಪ್ಪ ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ವಿಭಾಗದಲ್ಲಿದ್ದರು. ಮೊದಲೇ ಮಾತು ಕಡಿಮೆಯ ಮನುಷ್ಯ. ಕೆಟ್ಟು ನಿಂತ ಮಶೀನಿನ ಮುಂದೆ ಮಾತ್ರ ಅವರ ಬಾಯಿ ಬಿಚ್ಚುತ್ತಿತ್ತು, ಆಗ ನಿಲ್ಲಿಸುವುದೇ ಕಷ್ಟ.

ಹೋದ ವರ್ಷ ಅವರಿಗೆ ಸ್ಟ್ರೋಕ್ ಆಯಿತು. ಕೈಕಾಲು ತಕ್ಕಮಟ್ಟಿಗೆ ಸರಿಹೋಯಿತು. ಮಾತು ಮಾತ್ರ ವಾಪಸು ಬರಲಿಲ್ಲ. ಮಾತಾಡಿಸುತ್ತಲೇ ಇರಿ, ಸುಮ್ಮನೆ ಬಿಟ್ಟರೆ ಇದ್ದ ಮಾತೂ ಹೋದೀತು ಎಂದರು ಡಾಕ್ಟರು. ಮಾತು ಕಲಿಸಲು ಒಬ್ಬ ಹುಡುಗಿ ಬರತೊಡಗಿದಳು. ಬೆಕ್ಕಿನ ಚಿತ್ರ ಹಿಡಿದು, "ಕಾಕಾ, ಹೇ ಕಾಯ್ ಆಹೇ?", ಇದೇನು, ಎಂದು ಮರಾಠಿಯಲ್ಲಿ ಪ್ರೀತಿಯಿಂದಲೇ ಕೇಳುತ್ತಿದ್ದಳು. ಆಯುಷ್ಯವೆಲ್ಲ ದೊಡ್ಡ ದೊಡ್ಡ ಮಶೀನುಗಳ ಹೊಟ್ಟೆ ಬಗೆದು ನೋಡಿದ ಮನುಷ್ಯ ಬೆಕ್ಕನ್ನು ನೋಡಿ 'ಬೆಕ್ಕು' ಎನ್ನಬೇಕೇ? ಚಿಕ್ಕಪ್ಪ ಗೋಡೆಯ ಕಡೆ ಮುಖ ತಿರುಗಿಸಿದರು. ನಾವೆಲ್ಲ ಸರದಿಯ ಮೇಲೆ ಹೋಗಿ ಮಾತಾಡಿಸಿದೆವು. ಕ್ರಿಕೆಟ್, ರಾಜಕೀಯ, ಊರಿನ ಆಸ್ತಿ ಜಗಳ, ಎಲ್ಲದಕ್ಕೂ ಒಂದೇ ಉತ್ತರ: "ಹೂಂ." ಕೆಲವು ದಿನ ಅದೂ ಇಲ್ಲ. ಚಿಕ್ಕಮ್ಮ ಅಡುಗೆಮನೆಯಲ್ಲಿ ರೇಡಿಯೋ ಜೋರಾಗಿ ಹಾಕಿಕೊಂಡು ಅಳುತ್ತಿದ್ದರು ಎಂದು ಪಕ್ಕದ ಮನೆಯವರು ನನಗೆ ಹೇಳಿದರು.

ಹೀಗಿರುವಾಗ ಚಿಕ್ಕಮ್ಮ ಒಂದು ದಿನ ಯಾರಿಗೂ ಹೇಳದೆ ಕಲ್ಯಾಣ್ ಪೇಟೆಗೆ ಹೋಗಿ, ಗುಜರಿ ಅಂಗಡಿಯಿಂದ ಹಳೆಯ ವೆಲ್ಡಿಂಗ್ ಮಶೀನು ಕೊಂಡು ತಂದರು. ಸಣ್ಣ ಸೂಟ್‌ಕೇಸಿನಷ್ಟು ದೊಡ್ಡದು, ಬಣ್ಣ ಹೋದದ್ದು, ಒಂದು ಗುಂಡಿ ಇಲ್ಲದ್ದು. ಲೋಕಲ್ ಟ್ರೈನಿನ ಲೇಡೀಸ್ ಡಬ್ಬಿಯಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದರಂತೆ. ಇದೇನೆಂದು ಕೇಳಿದ ಹೆಂಗಸರಿಗೆಲ್ಲ 'ಮಿಕ್ಸರ್' ಎಂದರಂತೆ. ಅಂಥ ಮಿಕ್ಸರಿನಲ್ಲಿ ಎಂಥ ಚಟ್ನಿ ಅರೆಯುತ್ತಾರೋ ಎಂದು ಆ ಹೆಂಗಸರು ಇಂದಿಗೂ ಯೋಚಿಸುತ್ತಿರಬಹುದು.

ನಾನು ಡೊಂಬಿವಲಿಯ ನನ್ನ ಮನೆಯಿಂದ ಓಡಿ ಬಂದೆ. ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂದು ಕೇಳಿದೆ.

"ಹೊಲಿಗೆಯೇ ಅಲ್ವಾ ಮಾರಾಯ," ಎಂದರು ಚಿಕ್ಕಮ್ಮ. "ನೂಲು ಮಾತ್ರ ಕಬ್ಬಿಣದ್ದು."

ಗ್ಯಾಲರಿಯಲ್ಲಿ, ಅಂದರೆ ಬಾಲ್ಕನಿಯಲ್ಲಿ, ಮಶೀನು, ಅದರ ಎದುರಿಗೆ ಸರಿಯಾಗಿ ಚಿಕ್ಕಪ್ಪನ ಕುರ್ಚಿ. ಪ್ಲಗ್ ಹಾಕಿ ಸ್ವಿಚ್ ಒತ್ತಿದರೆ ಮಶೀನು ಜಪ್ಪಯ್ಯ ಅಂದರೂ ಮಿಸುಕಲಿಲ್ಲ. ದೀಪವಿಲ್ಲ, ಒಳಗಿನ ಫ್ಯಾನಿನ ಸದ್ದಿಲ್ಲ. ಗುಜರಿಯವನು ಟೋಪಿ ಹಾಕಿದ ಎಂದು ನಾನು ಒಳಗೊಳಗೇ ಖುಷಿಪಟ್ಟೆ. ಚಿಕ್ಕಮ್ಮ ಸುಮ್ಮನಾಗುವವರೇ? ಹೊಲಿಗೆ ಮಶೀನಿನ ಪುಟ್ಟ ಸ್ಕ್ರೂಡ್ರೈವರ್ ತಂದು ಮಶೀನಿನ ಮುಚ್ಚಳದ ಸ್ಕ್ರೂ ತಿರುಗಿಸಲು ಕುಳಿತರು. ಹಿಂದಿನಿಂದ ಒಂದು ಸ್ವರ ಬಂತು.

"ಪ್ಲಗ್."

ನಾವಿಬ್ಬರೂ ತಿರುಗಿ ನೋಡಿದೆವು. ಚಿಕ್ಕಪ್ಪ ಕುರ್ಚಿಯಿಂದ ಅರ್ಧ ಎದ್ದಿದ್ದರು. ಮುಖ ಕೆಂಪಾಗಿತ್ತು. "ಪ್ಲಗ್... ತೆಗಿ," ಎಂದರು.

ಪ್ಲಗ್ ಗೋಡೆಯಲ್ಲೇ ಇತ್ತು! ಚಿಕ್ಕಮ್ಮ ಅದನ್ನು ಕಿತ್ತವರೇ ಸ್ಕ್ರೂಡ್ರೈವರ್ ಹಿಡಿದುಕೊಂಡೇ ನೆಲದ ಮೇಲೆ ಕುಳಿತುಬಿಟ್ಟರು. ಆ ಸಂಜೆ ಉಡುಪಿಯಿಂದ ಡೊಂಬಿವಲಿಯವರೆಗೆ ಎಲ್ಲ ನೆಂಟರಿಗೂ ಫೋನ್ ಹೋಯಿತು. ಚಿಕ್ಕಪ್ಪ ಮಾತಾಡಿದರು! ನನ್ನ ಅಮ್ಮ ಗದ್ಗದಿತಳಾಗಿ, ದೇವರ ಹೆಸರು ಹೇಳಿದರೋ, ನಿನ್ನ ಹೆಸರು ಹೇಳಿದರೋ ಎಂದು ವಿಚಾರಿಸಿದಳು. "ಪ್ಲಗ್ ಅಂದರು ಅಕ್ಕ," ಎಂದರು ಚಿಕ್ಕಮ್ಮ. ಅಮ್ಮನಿಗೆ ಸ್ವಲ್ಪ ನಿರಾಸೆಯಾಯಿತು ಎಂದು ಕಾಣುತ್ತದೆ.

ಮೊದಮೊದಲು ಮಶೀನಿಗೆ ಇದ್ದದ್ದು ನಿಜವಾದ ರೋಗಗಳೇ. ಪ್ಲಗ್ಗಿನೊಳಗೆ ತಂತಿ ತುಂಡಾಗಿತ್ತು. ಅದನ್ನು ಸರಿಮಾಡಿದರೆ ಫ್ಯಾನ್ ತಿರುಗಿತು, ಆದರೆ ಕಿಡಿ ಬರಲಿಲ್ಲ. ಚಿಕ್ಕಮ್ಮ ಅರ್ಥಿಂಗ್ ತಂತಿಯ ಕ್ಲಿಪ್ಪನ್ನು ಪೇಂಟ್ ಹಚ್ಚಿದ ಪೈಪಿಗೆ ಕಚ್ಚಿಸಿದ್ದರು. ಚಿಕ್ಕಪ್ಪ ಬಹಳ ಹೊತ್ತು ಪದ ಹುಡುಕಿ, "ಪೇಂಟ್... ಕೆರೆ," ಎಂದರು. ಪೇಂಟ್ ಕೆರೆದದ್ದೇ ತಡ, ಗ್ಯಾಲರಿಯಲ್ಲಿ ದೀಪಾವಳಿ! ಜೊತೆಗೇ ಇಡೀ ಕಟ್ಟಡದಲ್ಲಿ ಅಮಾವಾಸ್ಯೆ. ಫ್ಯೂಸ್ ಹಾರಿಹೋಗಿತ್ತು. ಏದುಸಿರು ಬಿಡುತ್ತ ಮೇಲೆ ಬಂದ ಸೊಸೈಟಿಯ ಸೆಕ್ರೆಟರಿಗೆ ಬಾಗಿಲು ತೆರೆದದ್ದು, ಕಾಟನ್ ಸೀರೆಯ ಮೇಲೆ ವೆಲ್ಡಿಂಗ್ ಮಾಸ್ಕ್ ಹಾಕಿಕೊಂಡಿದ್ದ ಚಿಕ್ಕಮ್ಮ. ಸೆಕ್ರೆಟರಿ ಬೈಯಲೆಂದು ಬಂದದ್ದನ್ನೇ ಮರೆತು, "ಅತ್ತಿಗೆ, ನೀವೇನಾ?" ಎಂದು ಮರಾಠಿಯಲ್ಲಿ ಕೇಳಿ, ಕಾಫಿ ಕುಡಿದು ಹೋದರು.

ಆಮೇಲೆ ಮಳೆಗಾಲ ಬಂತು. ವೆಲ್ಡಿಂಗ್ ರಾಡುಗಳು ತೇವ ಹಿಡಿದು, ಕಿಡಿ ಹತ್ತದೆ ಕಬ್ಬಿಣಕ್ಕೇ ಅಂಟಿಕೊಳ್ಳತೊಡಗಿದವು. ಒಣಗಿಸಬೇಕು ಎಂದರು ಚಿಕ್ಕಪ್ಪ. ಚಿಕ್ಕಮ್ಮ ಅವನ್ನು ದೋಸೆಕಾವಲಿಯ ಮೇಲೆ ಸಾಲಾಗಿ ಮಲಗಿಸಿ, ಸಂಡಿಗೆಯ ಹಾಗೆ ಮಗುಚಿ ಮಗುಚಿ ಬೆಚ್ಚಗೆ ಮಾಡಿದರು. ಅವತ್ತೇ ಚಿಕ್ಕಪ್ಪನ ಬಾಯಿಂದ ಮೊದಲ ಪೂರ್ತಿ ವಾಕ್ಯ ಬಂದದ್ದು: "ಆ ಕಾವಲಿಯಲ್ಲಿ ನಂಗೆ ದೋಸೆ ಬೇಡ." ಗಂಡ ಬೈದರೆ ಆನಂದಬಾಷ್ಪ ಸುರಿಸಿದ ಹೆಂಡತಿಯನ್ನು ನಾನು ನೋಡಿದ್ದು ಅದೇ ಮೊದಲು.

ಇಷ್ಟೆಲ್ಲ ಆಗಿ ತಯಾರಾದದ್ದಾದರೂ ಏನು? ತುಳಸಿ ಕುಂಡಕ್ಕೆ ಒಂದು ಸ್ಟ್ಯಾಂಡ್. ಅದಕ್ಕೆ ನಾಲ್ಕು ಕಾಲು, ನೆಲ ಮುಟ್ಟುವುದು ಮೂರು.

ನನಗೆ ಕಿರಿಕಿರಿಯಾದದ್ದು ಬೇರೆ ವಿಷಯಕ್ಕೆ. ಅಷ್ಟೆಲ್ಲ ರಿಪೇರಿ ಆದ ಮೇಲೂ ಮಶೀನು ಮತ್ತೆ ಮತ್ತೆ ಕೆಡುತ್ತಿತ್ತು. ಯಾವ ಭಾನುವಾರ ಹೋದರೂ ಅದು ಸತ್ತುಬಿದ್ದಿರುತ್ತಿತ್ತು. ಚಿಕ್ಕಮ್ಮ ಮುಚ್ಚಳ ಬಿಚ್ಚಿ ಕೂರುವರು, ಚಿಕ್ಕಪ್ಪ ಕುರ್ಚಿಯಿಂದ ಒಂದೊಂದೇ ಮಾತು ಹೆಕ್ಕಿ ಹೇಳುವರು, ಮಧ್ಯಾಹ್ನದ ಊಟ ಸಂಜೆಯಾಗುವುದು. ಹಸಿದ ಹೊಟ್ಟೆಗೆ ತಾಳ್ಮೆ ಎಲ್ಲಿಂದ ಬರಬೇಕು? ಕೊನೆಗೆ ನಾನೊಂದು ಉಪಕಾರ ಮಾಡಲು ಹೊರಟೆ. ವಾಗ್ಳೆ ಎಸ್ಟೇಟಿನಲ್ಲಿ ಇಂಥ ಮಶೀನು ರಿಪೇರಿ ಮಾಡುವ ಪರಿಚಯದವನೊಬ್ಬನನ್ನು, ಚಿಕ್ಕಮ್ಮ ಮಾರ್ಕೆಟ್ಟಿಗೆ ಹೋಗುವ ಹೊತ್ತು ನೋಡಿ ಕರೆದುಕೊಂಡು ಬಂದೆ. ಅವರು ಮರಳುವಷ್ಟರಲ್ಲಿ ಮಶೀನು ಇನ್ನೆಂದೂ ಕೆಡದ ಹಾಗೆ ಮಾಡಿಸಿ ಬೆರಗುಗೊಳಿಸುವುದು ನನ್ನ ಯೋಜನೆ.

ಅವನು ಮುಚ್ಚಳ ಬಿಚ್ಚಿ ಒಳಗೆ ಟಾರ್ಚ್ ಬಿಟ್ಟ. ಏನನ್ನೋ ಬಿಗಿದು ಸ್ವಿಚ್ ಒತ್ತಿದ. ಫ್ಯಾನ್ ಗುರ್ ಎಂದಿತು. "ಭಾವೂ, ಮಶೀನ್ ಠಣಠಣೀತ್ ಆಹೇ," ಎಂದ. ಗುಂಡುಕಲ್ಲಿನ ಹಾಗಿದೆಯಂತೆ! ಸ್ವಿಚ್ಚಿನ ಹಿಂದಿನ ಸ್ಕ್ರೂ ಒಂದನ್ನು ಯಾರೋ ಸಡಿಲಿಸಿ ತಂತಿ ಹೊರಗೆ ಎಳೆದಿದ್ದಾರೆ, ಅಷ್ಟೇ. ತಾನಾಗಿ ಸಡಿಲವಾದದ್ದಲ್ಲ, ಸ್ಕ್ರೂವಿನ ತಲೆಯ ಮೇಲೆ ಸಣ್ಣ ಸ್ಕ್ರೂಡ್ರೈವರಿನ ಹೊಸ ಗೀರುಗಳಿವೆ ಎಂದು ತೋರಿಸಿ, ಮುಚ್ಚಳ ಮುಚ್ಚಿ ಹೋದ.

ನಾನು ಅಲ್ಲೇ ನಿಂತೆ. ಆ ಮನೆಯಲ್ಲಿ ಸಣ್ಣ ಸ್ಕ್ರೂಡ್ರೈವರ್ ಇರುವುದು ಒಂದೇ, ಹೊಲಿಗೆ ಮಶೀನಿನ ಡ್ರಾಯರಿನಲ್ಲಿ. ಯಾರು, ಯಾಕೆ ಎಂದು ಅರ್ಥವಾಗಲು ನನ್ನಂಥ ಮಂದಬುದ್ಧಿಗೂ ಹೆಚ್ಚು ಹೊತ್ತು ಬೇಕಾಗಲಿಲ್ಲ. ಚಿಕ್ಕಪ್ಪನಿಗೆ ಇದು ಗೊತ್ತಾಗಿಬಿಟ್ಟಿತಲ್ಲ ಎಂದು ಗಾಬರಿಯಾಯಿತು. ಎಲ್ಲವನ್ನೂ ಕುರ್ಚಿಯಲ್ಲಿ ಕೂತು ನೋಡಿದ್ದ ಅವರು ನನ್ನನ್ನು ಕೈಸನ್ನೆ ಮಾಡಿ ಕರೆದರು.

"ಅವಳೇ... ಸಡಿಲ ಮಾಡುದು," ಎಂದರು. ಒಂದೊಂದು ಮಾತಿಗೂ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. "ಬೆಳಿಗ್ಗೆ. ನಾನು ಮಲಗಿದ್ದೇನೆ ಅಂತ ಎಣಿಸಿ."

ನಿಮಗೆ ಮೊದಲಿನಿಂದಲೂ ಗೊತ್ತಿತ್ತೇ ಎಂದು ಕೇಳಿದೆ. ಅವರು ನಕ್ಕರು. ಬಾಯಿ ಒಂದು ಬದಿಗೆ ಸ್ವಲ್ಪ ವಾರೆಯಾಗುವ ನಗು.

"ಪುನಃ ಸಡಿಲ ಮಾಡಿ ಇಡು," ಎಂದರು. "ಅವಳು ಬರುವ ಮೊದಲು. ನಂಗೆ ಗೊತ್ತುಂಟು ಅಂತ... ಹೇಳ್ಬೇಡ."

ಹೊಲಿಗೆ ಮಶೀನಿನ ಡ್ರಾಯರ್ ತೆಗೆದೆ. ಕಣ್ಣು ಮಂಜಾಗಿದ್ದರಿಂದ ಸ್ಕ್ರೂ ಎರಡು ಸಲ ಕೈತಪ್ಪಿತು. ತಂತಿ ಎಳೆದು, ಮುಚ್ಚಳ ಮುಚ್ಚುವುದಕ್ಕೂ ಬಾಗಿಲ ಬೆಲ್ ಆಗುವುದಕ್ಕೂ ಸರಿಯಾಯಿತು. ಚಿಕ್ಕಮ್ಮ ತರಕಾರಿ ಚೀಲವನ್ನು ನನ್ನ ಕೈಗೆ ಕೊಟ್ಟು ನೇರ ಗ್ಯಾಲರಿಗೆ ಹೋದರು. ಸ್ವಿಚ್ ಒತ್ತಿದರು.

"ಹೋಯ್, ಇದು ಪುನಃ ಕೆಟ್ಟಿತಲ್ಲ," ಎಂದರು, ಎಷ್ಟು ಬೇಕೋ ಅಷ್ಟೇ ಬೇಸರ ತೋರಿಸಿ. "ಎಂತ ಮಾಡುದು ಈಗ?"

ಚಿಕ್ಕಪ್ಪ ನನ್ನ ಕಡೆ ನೋಡಲಿಲ್ಲ. ಕುರ್ಚಿಯಲ್ಲಿ ನೆಟ್ಟಗೆ ಕುಳಿತು, ಗಂಟಲು ಸರಿಮಾಡಿಕೊಂಡರು.

"ಮೊದಲು," ಎಂದರು, "ಪ್ಲಗ್ ತೆಗಿ."