ಬರುತ್ತೇನೆಂದ ಭಾವ

ನಮ್ಮ ಭಾವನಿಗೆ ಗಡಿಯಾರ ನೋಡಲು ಬರುವುದಿಲ್ಲವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ಚೆನ್ನಾಗಿಯೇ ಬರುತ್ತದೆ. ಬರದಿರುವುದು ಭಾವ ಮಾತ್ರ!

ಭಾವ ಎಂದರೆ ನನ್ನ ಅಕ್ಕನ ಗಂಡ, ವನಗೂರಿನ ಎಸ್ಟೇಟೊಂದರಲ್ಲಿ ರೈಟರ್. ಆಳುಗಳ ಹಾಜರಿ ಹಾಕುವುದೇ ಅವರ ಕೆಲಸ. ತಾವು ಮಾತ್ರ ಎಲ್ಲ ಕಡೆಗೂ ಗೈರು. ಆಲೂರಿನ ನಮ್ಮ ಮನೆಯಲ್ಲಿ ಊಟಕ್ಕೆ ಎಲೆ ಹಾಕಿಕೊಂಡು ಕಾಯುತ್ತಾ ಫೋನ್ ಮಾಡಿದರೆ, "ಬಾಳ್ಳುಪೇಟೆ ದಾಟ್ದೆ ಕಣೋ!" ಎನ್ನುತ್ತಾರೆ. ಹಿಂದಿನಿಂದ ಅಕ್ಕನ ದನಿ: "ನೀರು ಕಾದೈತೆ, ಸ್ನಾನಕ್ಕೆ ಏಳ್ರೀ!"

ಹೆತ್ತೂರಿನಲ್ಲಿ ನನಗೊಂದು ಹೆಣ್ಣು ಗೊತ್ತುಮಾಡಿದ್ದರು. "ಬಸ್ ಇಳ್ದು ನಿಂತಿರು, ನಾನೇ ಕರ್ಕೊಂಡೋಗ್ತೀನಿ" ಅಂದವರನ್ನು ಎರಡು ಗಂಟೆ ಕಾದೆ. ಕೊನೆಗೆ ಫೋನಿನಲ್ಲಿ, "ಹಸಿರು ಗೇಟು, ನೀನೇ ಹೋಗ್ಬುಡು" ಅಂದರು. ಊರಿಗೆ ಒಂದೇ ಹಸಿರು ಗೇಟು ಇರುತ್ತದೆಂದು ನಂಬಿದ ನನ್ನ ಬುದ್ಧಿಗೆ ಏನೆನ್ನಲಿ? ಹೋದೆ. ಕೂರಿಸಿ ಕಾಫಿ ಕೊಟ್ಟರು. ನಾನು ತಲೆ ಬಗ್ಗಿಸಿ, ನಾಚಿಕೊಂಡು, "ಒಂದ್ಸಲ ನೋಡಬಹುದಾ?" ಎಂದೆ.

"ಅದುಕ್ಕೇನ್ ಮಾರಾಯ್ರೆ, ಬನ್ನಿ!" ಎಂದ ಯಜಮಾನರು ನನ್ನನ್ನು ಸೀದಾ ಕೊಟ್ಟಿಗೆಗೆ ಕರೆದೊಯ್ದು ಒಂದು ಎಮ್ಮೆಯ ಮುಂದೆ ನಿಲ್ಲಿಸಿದರು. ಪಾಪ, ಅವರು ಕಾಯುತ್ತಿದ್ದುದು ಪಶುವೈದ್ಯರನ್ನು! ಸಂಕೋಚಕ್ಕೆ ನಾನು ಅದರ ಹಣೆ ಮುಟ್ಟಿ "ಜ್ವರ ಇಲ್ಲ" ಎಂದು ಬೇರೆ ಹೇಳಿಬಿಟ್ಟೆ.

ಸಂಜೆ ಭಾವ ಕೇಳಿದರು: "ಹೆಂಗೈತೋ ಸಂಬಂಧ?"

"ಮೇವು ಬಿಟ್ಟಿದೆ ಭಾವ" ಎಂದೆ.

ಈ ಕಥೆಗಳನ್ನೆಲ್ಲ ಹೇಳಿ ನೆಂಟರನ್ನು ವರ್ಷಗಟ್ಟಲೆ ನಗಿಸಿದ್ದೇನೆ. ಹೇಳಿದ ಸಮಯಕ್ಕಿಂತ ಹತ್ತು ನಿಮಿಷ ಮುಂಚೆ ಹಾಜರಾಗುವವನು ನಾನು. ನನ್ನ ಜಂಬ ಕೇಳಬೇಕೇ?

ಹೋದ ತಿಂಗಳು ಹಾಸನದಲ್ಲಿ ಭಾವನಿಗೆ ಹೃದಯದ ಆಪರೇಷನ್ ಆಯಿತು. "ಒಳಗೆ ಹೋಗೋಕ್ ಮುಂಚೆ ನಿನ್ ಮೊಖ ನೋಡ್ಬೇಕು ಕಣೋ" ಅಂದಿದ್ದರು. ಬೆಳಿಗ್ಗೆ ಆರಕ್ಕೇ ಆಸ್ಪತ್ರೆಯ ಮೆಟ್ಟಿಲವರೆಗೂ ಹೋದೆ. ಮುಂದಕ್ಕೆ ಕಾಲೇ ಏಳಲಿಲ್ಲ. ಎದುರಿನ ಹೋಟೆಲಿನಲ್ಲಿ ಕೂತು ನಾಲ್ಕು ಕಾಫಿ ಕುಡಿದೆ. ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಲೇ ಇತ್ತು. ಎತ್ತದೆ ಆಲೂರಿನ ಬಸ್ಸು ಹತ್ತಿಬಿಟ್ಟೆ. ಹೆದರಿಕೆ ಸ್ವಾಮಿ! ಒಳಗೆ ಹೋದವರು ಹೊರಗೆ ಬರದಿದ್ದರೆ?

ಬಂದರು. ಮೂರನೆಯ ದಿನ ನಾನು ಕಳ್ಳನಂತೆ ವಾರ್ಡಿಗೆ ಹೋದೆ. ಅಕ್ಕ ಮುಖಕ್ಕೆ ಉಗಿಯುತ್ತಾಳೆ ಅಂದುಕೊಂಡಿದ್ದೆ. ಅವಳು ಕಣ್ಣೊರೆಸಿಕೊಂಡು ಹೇಳಿದಳು: "ಅವತ್ತು ನಾನು ಔಷ್ದಿ ತರಕ್ ಹೋಗಿದ್ದಾಗ ನೀನು ಬಂದು ಇವ್ರ ಕೈ ಹಿಡ್ಕಂಡು ಕೂತಿದ್ಯಂತಲ್ಲೋ. ಇವ್ರೇ ಹೇಳುದ್ರು."

ನಾನು ಭಾವನ ಮುಖ ನೋಡಿದೆ. ಅವರು ಗೋಡೆ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ ಕಾಲು ಸರಿಸಿ ಮಂಚದ ಅಂಚಿನಲ್ಲಿ ಜಾಗ ಮಾಡಿದರು.

"ಬಾರೋ, ಕೂತ್ಕೋ" ಎಂದು ಕೈ ಚಾಚಿದರು.