ಇಲ್ಲವಾ, ಕಾಣುವುದಿಲ್ಲವಾ?

ನಮ್ಮ ಸೋದರತ್ತೆಗೆ ‘ಇಲ್ಲ’ ಎಂದು ಹೇಳಿ ಗೆದ್ದ ಅಂಗಡಿಯವನು ಬಂದ್ಯೋಡು ಪೇಟೆಯಲ್ಲಿ ಇನ್ನೂ ಹುಟ್ಟಿಲ್ಲ. ಉತ್ಪ್ರೇಕ್ಷೆ ಎನ್ನುತ್ತೀರಾ? ಹಾಗಾದರೆ ಒಂದು ದಿನ ಅವರ ಜೊತೆ ಕುಕ್ಕರಿನ ವಾಷರ್ ತರಲು ಹೋಗಿ ನೋಡಿ. ಅಂಗಡಿಯವನು ತಲೆಯೆತ್ತದೆ “ಇಲ್ಲ ಟೀಚರ್” ಎನ್ನುತ್ತಾನೆ. ಅತ್ತೆ ಕೊಡೆಯನ್ನು ಮೇಜಿಗೆ ಒರಗಿಸಿ, ಕನ್ನಡಕ ಸರಿಮಾಡಿಕೊಂಡು, ತರಗತಿಯಲ್ಲಿ ಕೇಳುವ ಹಾಗೆಯೇ ಕೇಳುತ್ತಾರೆ.

“ಇಲ್ಲವಾ, ಕಾಣುವುದಿಲ್ಲವಾ?”

“ಎರಡಕ್ಕೂ ಎಂತ ವ್ಯತ್ಯಾಸ ಟೀಚರ್?”

“ವ್ಯತ್ಯಾಸ ಉಂಟು. ಒಳಗೆ ನೋಡಿ ಬನ್ನಿ. ನಾನು ನಿಂತಿರ್ತೇನೆ.”

ನಿಲ್ಲುತ್ತಾರೆ ಕೂಡ! ಅರ್ಧ ಗಂಟೆಯಾದರೂ ಸರಿ. ಕೊನೆಗೆ ಅವನು ಮೈಯೆಲ್ಲ ಧೂಳು ಮಾಡಿಕೊಂಡು ಒಳಗಿನಿಂದ ವಾಷರ್ ಹಿಡಿದು ಬರುತ್ತಾನೆ. ಜೊತೆಗೆ ಹೋದ ನಾನು ಅಷ್ಟರಲ್ಲಿ ರಸ್ತೆ ದಾಟಿ, ಈ ಹೆಂಗಸು ಯಾರೋ ಏನೋ ಎಂಬಂತೆ ಬಸ್ಸು ಕಾಯುತ್ತಿರುತ್ತೇನೆ. ಅದೇ ಪೇಟೆಯಲ್ಲಿ ನನಗೊಂದು ಡಿಟಿಪಿ ಅಂಗಡಿ ಉಂಟು, ನನ್ನ ಮರ್ಯಾದೆಯನ್ನೂ ನೋಡಿಕೊಳ್ಳಬೇಕಲ್ಲ.

ಒಮ್ಮೆ ಮದುವೆಯೊಂದರಲ್ಲಿ ಬಡಿಸುವವರು ಪಾಯಸ ಮುಗಿಯಿತು ಎಂದರು. ಅತ್ತೆ ಎಲೆಯ ಮುಂದೆ ಕೂತಲ್ಲೇ ಅದೇ ಪ್ರಶ್ನೆ ಹಾಕಿದರು. ಗಂಡಿನ ಕಡೆಯವರಿಗೆಂದು ತೆಗೆದಿಟ್ಟಿದ್ದ ಒಂದು ದೊಡ್ಡ ಪಾತ್ರೆ ಅಡುಗೆಯವರ ಹಿಂದಿನಿಂದ ಹೊರಬಂತು. ಪಂಕ್ತಿಗೆ ಪಂಕ್ತಿಯೇ ಎರಡೆರಡು ಸಲ ಹಾಕಿಸಿಕೊಂಡಿತು. ಹೆಣ್ಣಿನ ತಂದೆ ಇವತ್ತಿಗೂ ನಮ್ಮ ಜೊತೆ ನೆಟ್ಟಗೆ ಮಾತಾಡುವುದಿಲ್ಲ.

ಇಂಥ ಅತ್ತೆ ಕೇರಳಕ್ಕೆ ಸೇರಿದ ಗಡಿ ಬದಿಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಲೆಕ್ಕದ ಟೀಚರ್. ಶಾಲೆಗೆ ಹತ್ತು ಕಂಪ್ಯೂಟರು ಬಂದಾಗ ಉಳಿದ ಮಾಸ್ತರುಗಳೆಲ್ಲ ಎರಡು ಹೆಜ್ಜೆ ಹಿಂದೆ ಸರಿದರು, ಲ್ಯಾಬಿನ ಬೀಗದ ಕೈ ಅತ್ತೆಯ ಸೆರಗಿಗೆ ಬಂತು. ಕಂಪ್ಯೂಟರಿನ ಬಗ್ಗೆ ಅವರದು ಯಾವಾಗಲೂ ಬಹುವಚನ. “ಇವರಿಗೆ ಇವತ್ತು ಹುಷಾರಿಲ್ಲ, ನಾಳೆ ಕೇಳುವ” ಎಂದು ಮಕ್ಕಳನ್ನು ಹೊರಗೆ ಕಳಿಸುತ್ತಿದ್ದರು. ಆ ಯಂತ್ರಗಳಲ್ಲಿ ಇದ್ದದ್ದು ನಮ್ಮ ಅಂಗಡಿಯ ವಿಂಡೋಸ್ ಅಲ್ಲ, ಲಿನಕ್ಸ್. ಮದುವೆ ಕಾಗದ ಟೈಪ್ ಮಾಡುವ ನನಗೆ ಅದರ ಗಂಧಗಾಳಿ ಇರಲಿಲ್ಲ. ನನಗೆ ಗೊತ್ತಿದ್ದದ್ದು ಎಲ್ಲ ರೋಗಕ್ಕೂ ಒಂದೇ ಮದ್ದು, ಇದ್ದದ್ದನ್ನೆಲ್ಲ ಅಳಿಸಿ ಹೊಸದಾಗಿ ತುಂಬುವ ಫಾರ್ಮ್ಯಾಟ್.

ಹತ್ತನೆಯವರ ಐಟಿ ಪ್ರಾಯೋಗಿಕ ಪರೀಕ್ಷೆಗೆ ನಾಲ್ಕು ದಿನವಿತ್ತು. ಪರೀಕ್ಷೆ ಕಂಪ್ಯೂಟರಿನಲ್ಲೇ, ಪ್ರಶ್ನೆ ಬರುವುದೂ ಪರದೆಯ ಮೇಲೆ. ಅದು ಕನ್ನಡದಲ್ಲಿ ಬರಬೇಕಾದರೆ ಸಿಡಿಯಲ್ಲಿ ಬಂದ ಒಂದು ತಂತ್ರಾಂಶವನ್ನು ಇನ್‌ಸ್ಟಾಲ್ ಮಾಡಬೇಕು. ಆಗದಿದ್ದರೆ ಪ್ರಶ್ನೆ ಮಲಯಾಳದಲ್ಲಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಆಡುವ ಮಕ್ಕಳು ಅವು. ಮಲಯಾಳ ಅವರಿಗೆ ಬಸ್ಸಿನ ಬೋರ್ಡು ಓದುವಷ್ಟು ಬರುತ್ತಿತ್ತು, ಅದೂ ದಿನಾ ಹೋಗುವ ಬಸ್ಸಾದರೆ.

ಶನಿವಾರ ಬೆಳಿಗ್ಗೆ ಅತ್ತೆ ನನ್ನನ್ನು ಕರೆಸಿದರು. ದಿನಾ ಮಕ್ಕಳು ಬಳಸುವ ಹೆಸರಲ್ಲಿ ಲಾಗಿನ್ ಆಗಿ ಸಿಡಿ ಹಾಕಿದರು, ನಡುವೆ ಎಲ್ಲ ಅಧಿಕಾರವಿರುವ ಯಜಮಾನಿಕೆಯ ಪಾಸ್‌ವರ್ಡ್ ಕೊಟ್ಟರು, ಪುಸ್ತಕ ನೋಡಿ ಒಂದೊಂದೇ ಅಕ್ಷರ ಒತ್ತಿದರು. ಪರದೆಯ ಮೇಲೆ ಬಂದದ್ದು ‘ಕಮಾಂಡ್ ನಾಟ್ ಫೌಂಡ್’. ಇನ್ನೊಮ್ಮೆ ಒತ್ತಿದರೂ ಅದೇ. ಪಕ್ಕದ ಕಂಪ್ಯೂಟರಿನಲ್ಲೂ ಅದೇ.

“ಅತ್ತೆ, ಆ ಕಮಾಂಡೇ ಇದರಲ್ಲಿ ಇಲ್ಲ. ಫಾರ್ಮ್ಯಾಟ್ ಹೊಡೆಯುವ” ಎಂದೆ.

ಅತ್ತೆ ಕುರ್ಚಿಸಮೇತ ನನ್ನತ್ತ ತಿರುಗಿದರು. ಏನು ಕೇಳಿದರೆಂದು ನಿಮಗೆ ಬೇರೆ ಹೇಳಬೇಕೆ?

“ಇಲ್ಲವಾ, ಕಾಣುವುದಿಲ್ಲವಾ? ಸರಿ ಓದು ಮಾರಾಯ. ಸಿಗಲಿಲ್ಲ ಅಂತ ಹೇಳಿದ್ದಾರೆ ಇವರು. ಇಲ್ಲ ಅಂತ ಹೇಳಲಿಲ್ಲ.”

ಹುಡುಕಾಟ ಶುರುವಾಯಿತು. ಒಂದೊಂದೇ ಫೋಲ್ಡರ್ ತೆರೆದು, ಒಳಗಿದ್ದದ್ದನ್ನೆಲ್ಲ ಹಾಜರಿ ಕರೆದಂತೆ ಗಟ್ಟಿಯಾಗಿ ಓದಿದರು. ನನ್ನ ಹೊಟ್ಟೆ ತಾಳ ಹಾಕುತ್ತಿತ್ತು. ಮಧ್ಯಾಹ್ನ ಎರಡರ ಹೊತ್ತಿಗೆ ‘ಎಸ್‌ಬಿನ್’ ಎಂಬ ಫೋಲ್ಡರಿನಲ್ಲಿ ಆ ಕಮಾಂಡ್ ಸಿಕ್ಕಿತು.

“ನೋಡು, ಇಲ್ಲಿ ಕೂತಿದ್ದಾರೆ ಮಹಾನುಭಾವರು.”

“ಮತ್ತೆ ಯಾಕೆ ಸಿಗಲಿಲ್ಲ ಅಂದದ್ದು?”

ಅತ್ತೆ ಪರದೆಯನ್ನೊಮ್ಮೆ, ಪುಸ್ತಕವನ್ನೊಮ್ಮೆ ನೋಡಿದರು. ಆಮೇಲೆ ತೊಡೆ ತಟ್ಟಿಕೊಂಡರು. “ಹೆಡ್‌ಮಾಸ್ಟ್ರು ರಜೆ ಹೋದಾಗ ನಾನು ಚಾರ್ಜಿನಲ್ಲಿ ಇದ್ದೆನಲ್ಲ? ಅವರ ಕುರ್ಚಿಯಲ್ಲೇ ಕೂತು ಸೀಲು ಕೇಳಿದೆ. ಪ್ಯೂನ್ ಸ್ಟಾಫ್ ರೂಮಿಗೆ ಹೋಗಿ ನನ್ನ ಮೇಜಿನ ಡ್ರಾಯರ್ ಹುಡುಕಿ, ಇಲ್ಲ ಟೀಚರ್ ಅಂದ. ಸೀಲು ಇದ್ದದ್ದು ಹೆಡ್‌ಮಾಸ್ಟ್ರ ಡ್ರಾಯರಿನಲ್ಲಿ. ಇವರದ್ದೂ ಅದೇ ಕತೆ. ನಾನು ಮಕ್ಕಳ ಹೆಸರಲ್ಲಿ ಒಳಗೆ ಬಂದು, ನಡುವೆ ಪಾಸ್‌ವರ್ಡ್ ಕೊಟ್ಟು ಯಜಮಾನಿ ಆದೆ. ಅಧಿಕಾರ ಬಂತು. ಆದರೆ ಇವರು ಹುಡುಕುವುದು ಈಗಲೂ ಮಕ್ಕಳ ಡ್ರಾಯರನ್ನೇ.”

ಎಲ್ಲ ಮುಚ್ಚಿ ಲಾಗೌಟ್ ಆದರು. ಈ ಸಲ ಮೊದಲಿನಿಂದಲೇ ಯಜಮಾನಿಯ ಹೆಸರಲ್ಲಿ ಲಾಗಿನ್ ಆಗಿ ಅದೇ ಅಕ್ಷರಗಳನ್ನು ಒತ್ತಿದರು. ಒಂದು ಗೊಣಗಾಟವಿಲ್ಲದೆ ಇನ್‌ಸ್ಟಾಲ್ ಆಯಿತು. ಸಂಜೆಯೊಳಗೆ ಹತ್ತೂ ಪರದೆಗಳ ಮೇಲೆ ದುಂಡುದುಂಡಾದ ಕನ್ನಡ! ಸುಳ್ಳು ಯಾಕೆ ಹೇಳಲಿ, ನನಗೆ ಎದೆ ಉಬ್ಬಿತು. ಸೋಮವಾರ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ, ಅವರು ಕೇಳದಿದ್ದರೂ, ಈ ಕತೆ ಹೇಳಿಯೇ ಕಾಗದದ ಪ್ರೂಫ್ ಕೊಟ್ಟೆ.

ಪರೀಕ್ಷೆಯ ದಿನ ಏನಾದರೂ ಕೆಟ್ಟರೆ ಇರಲಿ ಎಂದು ನನ್ನನ್ನು ಜಗಲಿಯಲ್ಲಿ ಕೂರಿಸಿದ್ದರು. ಪರೀಕ್ಷೆ ನಡೆಸಲು ಹೊರಗಿನಿಂದ ಬಂದ ಮಾಸ್ತರು ಸಾಧು ಮನುಷ್ಯ. “ಕನ್ನಡ ಇಲ್ಲ ಅಲ್ವಾ ಟೀಚರ್? ಸಾರ ಇಲ್ಲ, ಪರವಾಗಿಲ್ಲ, ಮಲಯಾಳದಲ್ಲೇ ಮಾಡಿಸುವ” ಎಂದರು. ಅತ್ತೆ ಒಂದು ಕಂಪ್ಯೂಟರಿನ ಪರದೆಯನ್ನು ಅವರತ್ತ ತಿರುಗಿಸಿದರು. ಮಕ್ಕಳು ಒಳಗೆ ಹೋಗಿ ಕೂತರು. ಒಬ್ಬಳು ಪ್ರಶ್ನೆಯನ್ನು ಬಾಯಿಬಿಟ್ಟು ಓದಿ ಗದರಿಸಿಕೊಂಡಳು.

ಅತ್ತೆ ಜಗಲಿಗೆ ಬಂದು ನನ್ನ ಪಕ್ಕ ಕೂತರು. ನೋಡಿದರೆ ಕಣ್ಣು ಒರೆಸಿಕೊಳ್ಳುತ್ತಿದ್ದಾರೆ. ನನಗೆ ಗಾಬರಿಯಾಯಿತು.

“ಎಂತ ಆಯ್ತು ಅತ್ತೆ?”

“ಎಂತದ್ದೂ ಇಲ್ಲ. ನಾನು ಏಳನೇ ಕ್ಲಾಸಿನಲ್ಲಿ ಇದ್ದಾಗ ಲೆಕ್ಕದ ಪರೀಕ್ಷೆಗೆ ನಮಗೆ ಕನ್ನಡದ ಪ್ರಶ್ನೆಪತ್ರಿಕೆ ಇಲ್ಲ ಅಂದಿದ್ರು. ಮಲಯಾಳದ್ದು ಕೊಟ್ರು. ನನಗೆ ಅಂಕೆ ಮಾತ್ರ ಓದಲಿಕ್ಕೆ ಬಂತು. ಎಂತ ಮಾಡಬೇಕು ಅಂತ ಗೊತ್ತಾಗದೆ ಅಂಕೆಗಳನ್ನೆಲ್ಲ ಕೂಡಿಸಿ ಇಟ್ಟೆ. ಬೆಲ್ ಆದ ಮೇಲೆ ಕನ್ನಡದ ಕಟ್ಟು ಸಿಕ್ಕಿತು. ಪಕ್ಕದ ಕೋಣೆಯ ಕಪಾಟಿನಲ್ಲೇ ಇತ್ತು. ಯಾರೂ ಹೋಗಿ ನೋಡಲಿಲ್ಲ.” ಕನ್ನಡಕ ಒರೆಸಿಕೊಂಡು ಹೇಳಿದರು, “ನಾನೂ ಕೇಳಲಿಲ್ಲ ಮಾರಾಯ. ಆ ವರ್ಷ ಫೈಲಾದೆ.”

ಅಷ್ಟು ಹೇಳಿ ಎದ್ದು ಲ್ಯಾಬಿನೊಳಗೆ ಹೋದರು. ಇಷ್ಟು ವರ್ಷ ಅವರ ಪ್ರಶ್ನೆಗೆ ನಕ್ಕವರಲ್ಲಿ ನಾನೇ ಮೊದಲಿಗ. ನನಗೆ ನಾಚಿಕೆಯಾಯಿತು.

ಮುಂದಿನ ವಾರ ಅತ್ತೆಯ ಗ್ರೈಂಡರಿಗೆ ಒಂದು ಬೆಲ್ಟು ಬೇಕಿತ್ತು. ಅಂಗಡಿಯವನು ತಲೆಯೆತ್ತದೆ “ಇಲ್ಲ ಟೀಚರ್” ಎಂದ. ನಾನು ರಸ್ತೆ ದಾಟಲಿಲ್ಲ. ಅತ್ತೆಯ ಕೊಡೆಯನ್ನು ತೆಗೆದುಕೊಂಡು ಮೇಜಿಗೆ ಒರಗಿಸಿದೆ.

“ಒಳಗೆ ನೋಡಿ ಬನ್ನಿ” ಎಂದೆ. “ನಾವು ನಿಂತಿರ್ತೇವೆ.”